ತಣ್ಣಗಿದ್ದ ಮುಳ್ಳು

ಗಂಡ ಕಾರಿಗೆ ಹೊಸ ಟೆಂಪರೇಚರ್ ಮೀಟರ್ ಕೂರಿಸಲು ಹೊರಟಾಗಲೇ ಅವಳಿಗೆ ಗೊತ್ತಿತ್ತು, ಇದು ನೆಟ್ಟಗಾಗುವ ಕೆಲಸವಲ್ಲವೆಂದು. ರಟ್ಟಿನ ಡಬ್ಬದ ಕಾರ್ಖಾನೆಯಲ್ಲಿ ಮೇಲ್ವಿಚಾರಕನಾಗಿದ್ದ ಆ ಮಹಾಶಯ ನಲ್ಲಿಯ ವಾಷರ್ ಬದಲಾಯಿಸಿದರೂ ಮನೆಯವರು ವಾರವೆಲ್ಲ ಹೊಗಳಬೇಕಿತ್ತು. ನಲ್ಲಿ ಮಾತ್ರ ಮರುದಿನವೇ ತೊಟ್ಟಿಕ್ಕುತ್ತಿತ್ತು.

ಕಾರು ಅವಳದು. ಪಾರ್ಶ್ವವಾಯು ಹೊಡೆದವರ ಮನೆಮನೆಗೆ ಹೋಗಿ ಕೈಕಾಲಿನ ವ್ಯಾಯಾಮ ಮಾಡಿಸುವುದು ಅವಳ ಕೆಲಸ. ಆ ಕಾರು ಒಮ್ಮೆಯೂ ಬಿಸಿಯಾಗಿ ನಿಂತದ್ದಿಲ್ಲ.

"ಚೆನ್ನಾಗೇ ಓಡ್ತಿದೆಯಲ್ರೀ. ಸುಮ್ನೆ ಯಾಕೆ ಕೈ ಹಾಕ್ತೀರ?"

"ಕಂಪನಿಯವರು ಕೊಟ್ಟಿರೋದು ಬರೀ ಒಂದು ಕೆಂಪು ದೀಪ ಕಣೇ. ಅದು ಹತ್ಕೊಳ್ಳೋ ಹೊತ್ತಿಗೆ ಇಂಜಿನ್ ಕಥೆ ಮುಗಿದಿರುತ್ತೆ. ನಿಂಗೆಲ್ಲಿ ಅರ್ಥ ಆಗ್ಬೇಕು!"

"ನನ್ ಮಗ ಇಂಜಿನಿಯರ್ ಆಗ್ಬೇಕಿತ್ತು," ಎಂದು ಅತ್ತೆ ಕಿಟಕಿಯಿಂದಲೇ ತಾಳ ಹಾಕಿದರು.

ಅವನು ರೇಡಿಯೇಟರ್‌ನ ಮೇಲಿನ ಹೋಸ್ ಕತ್ತರಿಸಿ, ನಡುವೆ ಹಿತ್ತಾಳೆಯ ತುಂಡೊಂದನ್ನು ತುರುಕಿ, ಅದಕ್ಕೆ ನೀರಿನ ಬಿಸಿ ಅಳೆಯುವ ಸೆನ್ಸರ್ ತಿರುಪಿ ಕೂರಿಸಿದ. ಹೋಸ್ ಹಿಡಿಯಬೇಕಿದ್ದ ಕ್ಲಿಪ್ಪು ಬಿಗಿಯಾಗಲಿಲ್ಲ. "ಬಿಸಿಗೆ ತಾನೇ ಕಚ್ಕೊಳ್ಳುತ್ತೆ," ಎಂದ. ದುಂಡನೆಯ ಮೀಟರನ್ನು ಸ್ಟಿಯರಿಂಗ್ ಹಿಂದೆ ಅಂಟಿಸಿದ. ಅಂಟಿಸಿದ್ದು ಸರಿಯಾಗಿ ಆ ಕೆಂಪು ದೀಪಕ್ಕೆ ಅಡ್ಡವಾಗಿ.

ಮುಂದಿನ ಭಾನುವಾರ ತಾನೇ ಸ್ಟಿಯರಿಂಗ್ ಹಿಡಿದು, ಗುಡ್ಡದ ಮೇಲಿದ್ದ ತನ್ನ ತಂಗಿಯ ಮನೆಗೆ ತಾಯಿಯನ್ನೂ ಹೆಂಡತಿಯನ್ನೂ ಹೊರಡಿಸಿದ. ತಂಗಿಯನ್ನು ನೋಡುವುದು ನೆಪ, ಅವಳ ಗಂಡನಿಗೆ ಮೀಟರ್ ತೋರಿಸುವುದು ಉದ್ದೇಶ. ಅರ್ಧ ಏರು ಹತ್ತುವಷ್ಟರಲ್ಲಿ ಹೆಂಡತಿಯ ಮೂಗಿಗೆ ಏನೋ ಬಡಿಯಿತು.

"ರೀ, ಸಿಹಿ ಸಿಹಿ ಸುಟ್ಟ ವಾಸನೆ."

"ಮೂಗು ಬಿಡು, ಮುಳ್ಳು ನೋಡು. ಹೆಂಗೆ ಇಳೀತಿದೆ! ಏರಲ್ಲೂ ತಣ್ಣಗಾಗೋ ಇಂಜಿನ್ ಎಲ್ಲಾದ್ರೂ ಕಂಡಿದ್ದೀಯಾ?"

ಕಂಡಿರಲಿಲ್ಲ. ಅದಕ್ಕೇ ಅವಳು ಬಗ್ಗಿ ಮೀಟರಿನ ಸಂದಿಯಲ್ಲಿ ಇಣುಕಿದಳು. ಹಿಂದೆ ಕೆಂಪು ದೀಪ ಉರಿಯುತ್ತಿತ್ತು.

"ನಿಲ್ಸಿ."

"ಮುಳ್ಳು ಇನ್ನೂ..."

"ಮುಳ್ಳಿನ ಮನೆ ಹಾಳಾಗ! ಗಾಡಿ ನಿಲ್ಸಿ!"

ಅವನು ಛಲಕ್ಕೆ ಆಕ್ಸಿಲರೇಟರ್ ಒತ್ತಿದ. ಇಂಜಿನ್ ಕಟಕಟ ಎಂದು, ಹೊಗೆ ಕಾರಿ, ತಾನಾಗಿಯೇ ನಿಂತಿತು.

ಬಾನೆಟ್ ಎತ್ತಿದರೆ ಹೋಸ್ ಹಿತ್ತಾಳೆ ತುಂಡಿನಿಂದ ಕಳಚಿ ಜೋತಾಡುತ್ತಿತ್ತು. ಸಿಹಿ ವಾಸನೆಯ ಕೂಲೆಂಟ್ ಬೆರೆತ ನೀರೆಲ್ಲ ರಸ್ತೆಪಾಲು. ನೀರೇ ಇಲ್ಲದ ಮೇಲೆ ಸೆನ್ಸರ್ ಅಳೆಯುವುದಾದರೂ ಏನನ್ನು? ಬರೀ ಗಾಳಿಯನ್ನು ಅಳೆಯುತ್ತ ಹಾಯಾಗಿತ್ತು.

"ಡೂಪ್ಲಿಕೇಟ್ ಮೀಟರ್ ಕಣೇ. ಅಂಗಡಿಯವನು ಟೋಪಿ ಹಾಕ್ಬಿಟ್ಟ," ಎಂದ.

ಅವಳಿಗೆ ಸಿಟ್ಟೂ ಬರಲಿಲ್ಲ. ಸಿಟ್ಟು ಮಾಡಿಕೊಳ್ಳಲು ಎದುರಿನವನ ಮೇಲೆ ಒಂದಿಷ್ಟಾದರೂ ಮರ್ಯಾದೆ ಉಳಿದಿರಬೇಕು.

ಅತ್ತೆ ಕೈಚೀಲ ಹಿಡಿದು ಮೆಲ್ಲಗೆ ಇಳಿದರು. "ಬಾರಮ್ಮ, ಆ ತಿರುವಿನಲ್ಲಿ ಬಸ್ ನಿಲ್ತಿತ್ತು."

"ಅಮ್ಮಾ, ನಾನು?"

"ನೀನು ಗಾಡಿ ಕಾಯ್ತಾ ಇರು. ಅದನ್ನಾದ್ರೂ ಸರಿಯಾಗಿ ಮಾಡು."

ಇಂಜಿನ್ ಬಿಚ್ಚಿ ಸರಿಮಾಡುವವರೆಗೂ ಅವಳು ರೋಗಿಗಳ ಮನೆಗೆ ಬಸ್ಸಿನಲ್ಲಿ ಜೋತಾಡಿಕೊಂಡು ಹೋದಳು. ಕಾರು ಮೀಟರ್ ಕಳಚಿಕೊಂಡು ಮನೆಗೆ ಬಂತು. ಅವನಾಗಲೇ ಪಕ್ಕದ ಮನೆಯವರಿಗೆ ಹೇಳುತ್ತಿದ್ದ: "ನಾನು ಮೀಟರ್ ಹಾಕಿದ್ದಕ್ಕೇ ಬಚಾವಾಯ್ತು ಸಾರ್, ಇಲ್ದಿದ್ರೆ ಪೂರ್ತಿ ಸುಟ್ಟೇ ಹೋಗ್ತಿತ್ತು."

ರಜೆಯ ದಿನ ಅವನು ಕೀಲಿಗೆ ಕೈ ಚಾಚಿದ. ಅವಳು ಆ ಕೈಗೆ ಬಕೆಟ್ಟು ಕೊಟ್ಟಳು.

"ಹೊರಗಡೆ ಮಾತ್ರ ತೊಳೀರಿ. ಬಾನೆಟ್ ಮುಟ್ಬೇಡಿ."