ಗಾಜಿನ ತೊಟ್ಟಿ

ಕುಡಿದಿದ್ದರೆ ಮಗಳ ತುಟಿ ಯಾಕೆ ಹೀಗೆ ಒಡೆಯಬೇಕು? ಶಾಲೆಯ ಬೇಲಿಯ ಗಿಡಗಳ ತಲೆ ಸವರುತ್ತಿದ್ದ ಕತ್ತರಿಯನ್ನು ನಿಲ್ಲಿಸಿ ಮಾಲಿ ಮತ್ತೆ ಅದೇ ಯೋಚನೆಗೆ ಬಿದ್ದ. ಬೆಳಿಗ್ಗೆ ಹೆಂಡತಿ ಮಗಳ ಬಾಟಲಿಯನ್ನು ಕುತ್ತಿಗೆಯವರೆಗೆ ತುಂಬಿದ್ದನ್ನು ಅವನೇ ಕಂಡಿದ್ದ. ಸಂಜೆ ಅದು ಖಾಲಿಯಾಗಿಯೇ ಮನೆಗೆ ಬರುತ್ತಿತ್ತು. ಅಂದಮೇಲೆ ಕುಡಿದಿರಲೇಬೇಕು. ಕುಡಿದಿದ್ದರೆ, ಬಚ್ಚಲಿಗೆ ಹೋದಾಗಲೆಲ್ಲ ಉರಿಯುತ್ತದೆಂದು ಮಗು ಗೋಡೆ ಹಿಡಿದುಕೊಂಡು ಅಳುವುದೇಕೆ? ಕ್ಲಿನಿಕ್ಕಿನ ನರ್ಸ್ ಅವಳ ನಾಲಿಗೆ ನೋಡಿ, "ಮಗೂಗೆ ನೀರು ಕುಡಿಸ್ತೀರೋ ಇಲ್ವೋ?" ಎಂದು ಗದರಿದ್ದಳು. "ನಮ್ಮ ಪಾಲಿಂದೂ ಅವಳಿಗೇ ಹಾಕ್ತೀವಿ" ಎಂದು ಹೆಂಡತಿ ಮುಖ ಸಣ್ಣದು ಮಾಡಿಕೊಂಡು ಹೇಳಿದ್ದಳು. ಅದು ಸುಳ್ಳಾಗಿರಲಿಲ್ಲ. ಅವರ ಓಣಿಗೆ ಟ್ಯಾಂಕರ್ ದಿನ ಬಿಟ್ಟು ದಿನ ಬರುತ್ತಿತ್ತು. ಬರುತ್ತೇನೆಂದು ಬರದ ದಿನಗಳೂ ಇದ್ದವು. ಕುಡಿಯುವುದಕ್ಕೆಂದು ಎತ್ತಿಟ್ಟ ಕೊಡವನ್ನು ಅವಳು ಮೂಲೆಗೆ ಸರಿಸಿ, ತಟ್ಟೆ ಮುಚ್ಚಿ, ಅದರ ಮೇಲೊಂದು ಕಲ್ಲು ಹೇರಿಡುತ್ತಿದ್ದಳು.

ಮಗಳನ್ನೇ ಕೇಳಿಬಿಡಬೇಕು. ಆದರೆ ಹೇಗೆ ಕೇಳುವುದು? ಗುಬ್ಬಿ ಎಂದು ಕರೆದರೂ ಹಟದಲ್ಲಿ ಅವಳು ಗುಬ್ಬಿಯಲ್ಲ. ಬೇಡವೆನಿಸಿದರೆ ಬಾಯಿಗೆ ಬೀಗ ಹಾಕಿಕೊಂಡು ಕೂತುಬಿಡುತ್ತಿದ್ದಳು.

"ಏನು ಹುಲ್ಲಿನ ಡಾಕ್ಟ್ರೇ, ಪೇಷೆಂಟ್ ಹೇಗಿದಾನೆ?" ಗೇಟಿನ ಕಾವಲುಗಾರ ಸ್ಟೂಲಿನ ಮೇಲೆ ಕೂತಲ್ಲಿಂದಲೇ ಕೇಳಿದ. "ಶಾಲೆಯ ಪರಿಸರ ದಿನಕ್ಕೆ ಆಡಳಿತ ಮಂಡಳಿ ಅಧ್ಯಕ್ಷರು ಬರ್ತಾರಂತೆ. ಒಂದೆಳೆ ಹಳದಿ ಕಂಡ್ರೂ ನಿಮ್ಮ ಕಥೆ ಮುಗೀತು ಅಂತ ಆಫೀಸಲ್ಲಿ ಮಾತಾಡ್ತಿದ್ರು."

"ಎರಡು ಹೊತ್ತು ನೀರು ಹಾಯಿಸ್ತಿದೀನಲ್ಲ."

"ಪುಣ್ಯ ಮಾಡಿದ ಹುಲ್ಲು ಬಿಡಿ. ನಾನು ಮೈಗೆ ನೀರು ಹಾಕ್ಕೊಂಡು ಯಾವ ಕಾಲ ಆಯ್ತೋ. ಗಾಳಿ ಆ ಕಡೆ ಬೀಸ್ತಿದೆ, ಸ್ವಲ್ಪ ದೂರ ನಿಂತ್ಕೊಳ್ಳಿ."

ಮಾಲಿ ನಗಲಿಲ್ಲ. ಸಭೆ ಸೇರುವ ಹಾಲಿನ ಕಿಟಕಿಯ ಕೆಳಗಿನ ಗಿಡಗಳು ಬಾಕಿಯಿದ್ದವು, ಅತ್ತ ನಡೆದ.

ಒಳಗೆ ಮಕ್ಕಳು ಸಾಲುಗಟ್ಟಿ ನಿಂತಿದ್ದರು. ಪರಿಸರದ ಪಾಠ ಮಾಡುವ ಮೇಡಂ ಆ ವರ್ಷ ಹೊಸ ಪದ್ಧತಿಯೊಂದನ್ನು ತಂದಿದ್ದರು. ಹಾಲಿನ ನಡುವೆ, ಹಿಂದೆ ಮೀನು ಸಾಕಿದ್ದ ದೊಡ್ಡ ಗಾಜಿನ ತೊಟ್ಟಿ. ಮಕ್ಕಳು ಮನೆಯಲ್ಲಿ ಉಳಿಸಿದ ನೀರನ್ನು ಬಾಟಲಿಯಲ್ಲಿ ತಂದು ಅದಕ್ಕೆ ಸುರಿಯಬೇಕು. ತುಂಬಿದ ನೀರು ನೀರಿಲ್ಲದವರಿಗೆ ಹೋಗುತ್ತದೆ. ತಪ್ಪದೆ ತಂದವರಿಗೆ, ಶಾಲೆಯ ನಲ್ಲಿಯನ್ನು ಅನಗತ್ಯವಾಗಿ ಮುಟ್ಟದವರಿಗೆ, ಎದೆಯ ಮೇಲೆ ಹಸಿರು ಎಲೆಯ ಬಿಲ್ಲೆ. ಒಬ್ಬ ಹುಡುಗ ಹಾಲಿನ ಬಾಗಿಲಲ್ಲೇ ಇದ್ದ ನಲ್ಲಿಯಿಂದ ಗಡಬಡಿಸಿ ಬಾಟಲಿ ತುಂಬಿಕೊಂಡು ಬಂದು ಸಾಲು ಸೇರಿದ. ಹಿಂದಿನವನು ಕಿಸಕ್ಕನೆ ನಕ್ಕ. ಅವರ ಮುಂದೆ ಗುಬ್ಬಿ ನಿಂತಿದ್ದಳು. ಅವಳ ಸರದಿ ಬಂತು. ತಾಯಿ ಬೆಳಿಗ್ಗೆ ತುಂಬಿಕೊಟ್ಟ ಬಾಟಲಿಯ ಮುಚ್ಚಳ ತಿರುಗಿಸಿ, ಎರಡೂ ಕೈಯಲ್ಲಿ ಹಿಡಿದು, ಒಂದು ಹನಿಯೂ ಹೊರಗೆ ಚೆಲ್ಲದಂತೆ ಬಗ್ಗಿಸಿದಳು. ಕೊನೆಗೆ ಬಾಟಲಿಯ ತಳವನ್ನು ಮೆಲ್ಲಗೆ ತಟ್ಟಿದಳು.

ಮಾಲಿಯ ಕೈಯ ಕತ್ತರಿ ಬಾಯಿ ತೆರೆದುಕೊಂಡೇ ಉಳಿಯಿತು.

ಮಧ್ಯಾಹ್ನದ ಬಿಡುವಿನಲ್ಲಿ ಅವಳನ್ನು ಪಂಪಿನ ಮನೆಯ ಹಿಂದಕ್ಕೆ ಕರೆದ.

"ಅದು ಕುಡಿಯೋ ನೀರಲ್ವೇನೇ?"

"ನಾನು ಉಳಿಸಿದ್ದು."

"ಕುಡಿಯೋದನ್ನ ಯಾರಾದ್ರೂ ಉಳಿಸ್ತಾರಾ ಪುಟ್ಟಿ? ಕೈಕಾಲು ತೊಳೆಯೋದ್ರಲ್ಲಿ ಉಳಿಸು, ಪಾತ್ರೆ ತೊಳೆಯೋದ್ರಲ್ಲಿ ಉಳಿಸು."

"ಅದನ್ನ ಅಮ್ಮ ಆಗಲೇ ಉಳಿಸಿಬಿಟ್ಟಿದ್ದಾಳಲ್ಲ. ಇನ್ನೇನೂ ಉಳಿದಿಲ್ಲ."

ಅವನು ಕಾಲ ಬಳಿ ಬಿದ್ದಿದ್ದ ಪೈಪನ್ನೆತ್ತಿ, "ಬಾ, ಇಲ್ಲಿ ಒಂದು ಗುಟುಕು ಕುಡಿ. ಬೇಕಾದ್ರೆ ಬಾಟ್ಲಿಗೂ ಇದನ್ನೇ ತುಂಬ್ಕೋ. ಎಲ್ಲರೂ ಹಾಗೇ ತಾನೆ ಮಾಡೋದು?" ಎಂದ.

"ಅದು ಮೋಸ ಅಪ್ಪಾ" ಎಂದಳು ಗುಬ್ಬಿ. ದನಿಯಲ್ಲಿ ಕೋಪವಿರಲಿಲ್ಲ, ತಿಳಿಯದವನಿಗೆ ತಿಳಿಸಿ ಹೇಳುವಂತಿತ್ತು. ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡು, ಗಂಟೆ ಹೊಡೆದದ್ದೇ ಓಡಿಬಿಟ್ಟಳು.

ಅವನು ಕೈ ತೊಳೆದುಕೊಂಡು ನೇರ ಮೇಡಂ ಕೋಣೆಗೆ ಹೋದ. ಅವರು ಬಣ್ಣದ ಕಾಗದದಲ್ಲಿ ಎಲೆಗಳನ್ನು ಕತ್ತರಿಸುತ್ತ ಕೂತಿದ್ದರು. ಕೂಗಿ ಕೂಗಿ ಅವರ ಗಂಟಲು ಕಟ್ಟಿತ್ತು.

"ಬನ್ನಿ ಬನ್ನಿ, ನಾನೇ ಹೇಳಿ ಕಳಿಸಬೇಕು ಅಂತಿದ್ದೆ. ತೊಟ್ಟಿ ತುಂಬಿದೆ, ಸಂಜೆ ಮಕ್ಕಳು ಹೋದಮೇಲೆ ಖಾಲಿ ಮಾಡಿಬಿಡಿ. ನೀರು ಸಾಗಿಸೋಕೆ ಗಾಡಿ ಕೊಡಿ ಅಂತ ಆಫೀಸಲ್ಲಿ ಕೇಳಿ ಕೇಳಿ ಸಾಕಾಯ್ತು ನಂಗೆ. ಇಟ್ಟರೆ ಪಾಚಿ ಕಟ್ಟುತ್ತೆ. ಹುಲ್ಲಿಗೇ ಹಾಕಿ, ಮೊದಲಿನ ಹಾಗೆ. ಮಕ್ಕಳ ಕಿವಿಗೆ ಮಾತ್ರ ಬೀಳಬಾರದು."

"ಆಗಲಿ ಮೇಡಂ. ಅದೇ ತೊಟ್ಟಿ ವಿಷಯ... ನನ್ನ ಮಗಳು..."

"ನಿಮ್ಮ ಮಗಳು." ಮೇಡಂ ಕತ್ತರಿ ಕೆಳಗಿಟ್ಟರು. ಅವರ ಕಣ್ಣು ತುಂಬಿದಂತಿತ್ತು. "ಉಳಿದವರು ಎಲ್ಲಿಂದ ತರ್ತಾರೆ ಅಂತ ನಂಗೆ ಗೊತ್ತಿಲ್ಲ ಅಂದ್ಕೊಂಡ್ರಾ? ನಾನು ಕುರುಡಿ ಅಲ್ಲ. ಇಡೀ ಶಾಲೇಲಿ ಇವಳೊಬ್ಬಳಿಗೇ ನಾನು ಹೇಳಿದ್ದು ನಾಟಿದ್ದು. ನೋಡಿ, ಐದನೇ ಕ್ಲಾಸ್ ಆದಮೇಲೆ ಕೆಲಸದವರ ಮಕ್ಕಳಿಗೆ ಇಲ್ಲಿ ಸೀಟಿಲ್ಲ, ಅದು ನಿಮಗೂ ಗೊತ್ತು. ನಾನು ಸುಮ್ಮನೆ ಕೂತಿಲ್ಲ. ಪರಿಸರ ದಿನ ಇವಳನ್ನ ಅಧ್ಯಕ್ಷರ ಮುಂದೆ ನಿಲ್ಲಿಸ್ತೀನಿ. ಇಂಥ ಮಗೂನ ಹೊರಗೆ ಹಾಕೋಕೆ ಅವರಿಗೂ ಮನಸ್ಸು ಬರಲ್ಲ. ಅಲ್ಲೀವರೆಗೆ ಒಂದು ದಿನಾನೂ ನೀರು ತರೋದು ತಪ್ಪಿಸಬಾರದು, ಅಷ್ಟೇ. ನೀವು ಏನೋ ಹೇಳ್ತಿದ್ರಲ್ಲ?"

ಓಣಿಯ ಆಚೆಗಿನ ಶಾಲೆ ಅವನ ಕಣ್ಣ ಮುಂದೆ ಬಂತು. ಒಂದೇ ಕೋಣೆಯಲ್ಲಿ ಮೂರು ತರಗತಿ, ವರಾಂಡದಲ್ಲಿ ಬೀಡಿ ಸೇದುವ ಮೇಷ್ಟ್ರು. ತನ್ನ ಹಿರಿಯ ಮಗಳು ಅಲ್ಲಿಂದಲೇ ಪುಸ್ತಕ ಬಿಟ್ಟು ಹೊಲಿಗೆ ಕಾರ್ಖಾನೆ ಸೇರಿದ್ದಳು.

"ಏನಿಲ್ಲ ಮೇಡಂ. ಅವಳಿಗೆ ಒಂಚೂರು ಮೈ ಸರಿಯಿಲ್ಲ, ಅಷ್ಟೇ."

"ಬಿಸಿಲು. ಎಲ್ಲ ಮಕ್ಕಳಿಗೂ ಹೀಗೇ ಆಗಿದೆ. ಚೆನ್ನಾಗಿ ನೀರು ಕುಡಿಸಿ" ಎಂದರು ಮೇಡಂ.

ಮನೆಯಲ್ಲಿ ಹೆಂಡತಿ, "ಕೇಳಿದ್ರಾ ಅವಳನ್ನ? ಸ್ಕೂಲಲ್ಲಿ ಕುಡೀತಾಳಾ?" ಎಂದಾಗ, "ಕುಡೀತಾಳೆ, ನಾನೇ ಕಣ್ಣಾರೆ ನೋಡಿದೆ" ಎಂದ. ಇನ್ನು ನಾಲ್ಕು ದಿನ ತಾನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಊಟದ ಹೊತ್ತಿಗೆ ತನ್ನ ಲೋಟವನ್ನು ಮಗಳ ಕಡೆ ಸರಿಸಿದ. ಅವಳು ಅದನ್ನು ಹಾಗೇ ಅವನ ಕಡೆ ಸರಿಸಿದಳು. ಬೆಳಿಗ್ಗೆ ಎದ್ದಾಗ ಬಚ್ಚಲಿನಿಂದ ಸಣ್ಣಗೆ ನರಳುವ ದನಿ ಕೇಳಿಸಿತು. ಅವನು ಸೈಕಲ್ಲಿಗೆ ಗಾಳಿ ಹೊಡೆಯುವ ನೆಪದಲ್ಲಿ ಹೊರಗೆ ಹೋದ.

ಪರಿಸರ ದಿನ ಗುಬ್ಬಿಯ ಮೈ ಕಾದ ಹೆಂಚಿನಂತಿತ್ತು. ಮನೆಯಲ್ಲೇ ಮಲಗಿರಲಿ ಎಂದು ತಾಯಿ ಹಟ ಹಿಡಿದಳು. ಅವಳಿಗಿಂತ ಹೆಚ್ಚು ಹಟ ಹಿಡಿದವಳು ಮಗಳು. ಅವನು ಇಬ್ಬರ ನಡುವೆ ನಿಂತು, "ಹೋಗಿ ಬರಲಿ ಬಿಡೇ, ಒಂದು ಗಂಟೆ" ಎಂದ.

ಅಧ್ಯಕ್ಷರು ಕಾರಿನಿಂದಿಳಿದು ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ನಡೆದರು. "ಭೇಷ್, ಇಷ್ಟು ಬಿಸಿಲಲ್ಲೂ ಹಸಿರಾಗಿಟ್ಟಿದೀರಲ್ಲ" ಎಂದು ಹೆಡ್ ಮಾಸ್ಟರರ ಬೆನ್ನು ತಟ್ಟಿದರು. ಹಾಲಿನಲ್ಲಿ ಗುಬ್ಬಿಯನ್ನು ತೊಟ್ಟಿಯ ಪಕ್ಕ ನಿಲ್ಲಿಸಿದ್ದರು. ಗಾಜಿಗೆ ಅಂಗೈ ಊರಿಕೊಂಡು ನೆಟ್ಟಗೆ ನಿಂತಿದ್ದಳು. ತಂಪಿಗೆ ಊರಿದ್ದಳೋ, ಆಧಾರಕ್ಕೋ. ಅಧ್ಯಕ್ಷರು ಅವಳ ಎದೆಗೆ ಹಸಿರು ಬಿಲ್ಲೆ ಚುಚ್ಚಿದರು. ಈ ಮಗು ಎಷ್ಟು ವರ್ಷ ಓದುತ್ತದೋ ಅಷ್ಟು ವರ್ಷ ಇಲ್ಲೇ ಓದಲಿ ಎಂದರು. ಚಪ್ಪಾಳೆಯ ನಡುವೆ ಮೇಡಂ ಬಾಗಿಲ ಬಳಿ ನಿಂತಿದ್ದ ಮಾಲಿಯನ್ನು ಮುಂದಕ್ಕೆ ಕರೆದರು.

"ಮನೇಲಿ ಏನು ಹೇಳಿಕೊಡ್ತೀಯಪ್ಪಾ ಇವಳಿಗೆ? ನಮ್ಮ ಮಕ್ಕಳಿಗೂ ಒಂಚೂರು ಹೇಳು" ಎಂದು ಅಧ್ಯಕ್ಷರು ಮೈಕನ್ನು ಅವನತ್ತ ಹಿಡಿದರು.

ಮಗಳು ಅವನನ್ನೇ ನೋಡುತ್ತಿದ್ದಳು. ಮೈಕಿನೊಳಗೆ ಅವನ ಉಸಿರು ಒಮ್ಮೆ ದೊಡ್ಡದಾಗಿ ಕೇಳಿಸಿತು. "ಎಲ್ಲಾ ಮೇಡಂ ಕಲಿಸಿದ್ದೇ ಸಾರ್" ಎಂದ.

ಎಲ್ಲರೂ ಹೋದ ಮೇಲೆ ಗುಬ್ಬಿಯನ್ನು ಪಂಪಿನ ಮನೆಯಲ್ಲಿ ಗೋಣಿಚೀಲದ ಮೇಲೆ ಮಲಗಿಸಿ ತೊಟ್ಟಿಯ ಕೆಲಸ ಮುಗಿಸಿದ. ಕೊನೆಯ ಬಕೆಟ್ ಸುರಿದಾಗ ಹುಲ್ಲು ಹೀರಿಕೊಳ್ಳಲಾರದೆ ಅಂಚಿನಿಂದ ಕಾಲುದಾರಿಗೆ ಹರಿಯಿತು. ಆಮೇಲೆ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಕ್ಲಿನಿಕ್ಕಿನ ದಾರಿ ಹಿಡಿದ. ಬೆನ್ನಿಗೆ ಆನಿಸಿದ ಅವಳ ಕೆನ್ನೆಯ ಬಿಸಿ ಅಂಗಿಯನ್ನು ದಾಟಿ ಬರುತ್ತಿತ್ತು. ಅವಳು ನಿದ್ದೆ ಹೋಗಿದ್ದಾಳೆಂದುಕೊಂಡಿದ್ದ.

"ಅಪ್ಪಾ, ತೊಟ್ಟಿ ನೀರು ಹೋಯ್ತಾ?"

"ಹೋಯ್ತು."

"ಅವರಿಗೆ ತಲುಪ್ತಾ? ಪಾಪ, ಅವರ ಮನೇಲಿ ಕುಡಿಯೋಕೂ ಇರಲ್ವಂತೆ. ಟ್ಯಾಂಕರ್ ಬರೋದನ್ನೇ ಕಾಯ್ತಾ ಕೂತಿರ್ತಾರಂತೆ. ಮೇಡಂ ಹೇಳಿದ್ರು."

"ತಲುಪ್ತು" ಎಂದ.

ಅವಳ ನೀರು ಎಲ್ಲಿಗೆ ಹೋಯಿತೆಂದು ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.