ಹೆಪಾರಿನ್‌ಗೆ ಬಗ್ಗದ ರಕ್ತ

ಅಬುಧಾಬಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಶಿರ್ವದ ವೆಲಿಟಾ ನರ್ಸ್ ಆಗಿ ಆರು ವರ್ಷ ದಾಟಿತ್ತು. ಒಂದು ದೂರೂ ಇರಲಿಲ್ಲ, ಮುಸಫ್ಫಾದಲ್ಲಿ ಗ್ಯಾರೇಜ್ ಇಟ್ಟುಕೊಂಡಿದ್ದ ಅಲಿಯಬ್ಬ ಎಡಗಾಲು ಬಾತು ವಾರ್ಡಿಗೆ ಬರುವವರೆಗೆ.

ತೊಡೆಯ ನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದು ಬೆಳೆಯದಂತೆ ಹೆಪಾರಿನ್ ಔಷಧವನ್ನು ಸಿರಿಂಜ್ ಪಂಪಿನಲ್ಲಿ ಶುರು ಮಾಡಿದರು. ಆರು ಗಂಟೆಗೊಮ್ಮೆ ಪರೀಕ್ಷೆ. ರಕ್ತ ಹೆಪ್ಪುಗಟ್ಟುವ ಸಮಯ ಎಪ್ಪತ್ತು ಸೆಕೆಂಡಿನ ಆಸುಪಾಸಿಗೆ ಏರಬೇಕಿತ್ತು. ಎರಡು ಸಲ ಡೋಸ್ ಹೆಚ್ಚಿಸಿದರೂ ಮೂವತ್ತೆರಡು ದಾಟಲಿಲ್ಲ.

ವಾರ್ಡ್ ಇನ್‌ಚಾರ್ಜ್ ಮೆಲಿಸ್ಸಾ ವೆಲಿಟಾಳನ್ನು ಕರೆದಳು. "ಸಿರಿಂಜ್ ತುಂಬಿದ್ದು ಯಾರು?"

"ನಾನೇ ಮ್ಯಾಡಂ. ಸ್ಟೇಸಿ ಚೆಕ್ ಮಾಡಿ ಸಹಿ ಹಾಕಿದ್ದಾಳೆ."

"ಸಹಿ ಉಂಟು. ಅವಳು ನೋಡಿದ್ದಾಳಾ?"

ಪಕ್ಕದಲ್ಲಿದ್ದ ಜೊತೆಯ ನರ್ಸ್ ಸ್ಟೇಸಿ ತಲೆ ತಗ್ಗಿಸಿದಳು. ಅವಳು ನೋಡಿರಲಿಲ್ಲ. ಗೆಳತಿಯ ಮೇಲಿನ ನಂಬಿಕೆಯಲ್ಲಿ ಗೀಚಿದ್ದಳು.

ವೆಲಿಟಾ ಔಷಧ ತಪ್ಪಾಗಿ ತುಂಬಿರಬಹುದೆಂಬ ಮಾತು ಹೇಗೋ ಅಲಿಯಬ್ಬನ ಮಗ ಸಫ್ವಾನನ ಕಿವಿಗೂ ಬಿತ್ತು. ಅವನು ಪಂಪಿನ ಪಕ್ಕ ಕುರ್ಚಿ ಹಾಕಿ ಕೂತ. ವೆಲಿಟಾ ಬಂದಾಗಲೆಲ್ಲ ಮೊಬೈಲ್ ಎತ್ತಿ ಹಿಡಿದ. ಮುಂದಿನ ಸಿರಿಂಜನ್ನು ಮೆಲಿಸ್ಸಾ ತಾನೇ ತುಂಬಿದಳು. ಅದರ ಫಲಿತಾಂಶವನ್ನು ಮಾತ್ರ ಯಾರೂ ವೆಲಿಟಾಳಿಗೆ ಹೇಳಲಿಲ್ಲ.

ಅವಳೇ ಕಂಪ್ಯೂಟರಿನಲ್ಲಿ ತೆರೆದು ನೋಡಿದಳು. ಮೂವತ್ತಮೂರು.

ಮುಚ್ಚಿಟ್ಟದ್ದು ಯಾಕೆ? ನನ್ನ ತಲೆಗೆ ಕಟ್ಟಲಿಕ್ಕಾ? ಆದರೆ ಇಬ್ಬರು ತುಂಬಿದ ಔಷಧವೂ ಹಿಡಿಯದಿದ್ದರೆ ತೊಂದರೆ ಸಿರಿಂಜ್ ತುಂಬಿದ್ದರಲ್ಲಿ ಅಲ್ಲ, ರೋಗಿಯ ರಕ್ತದಲ್ಲೇ ಇರಬಹುದಲ್ಲ. ಅವಳು ನೇರ ರೋಗಿಯ ಬಳಿ ಹೋದಳು.

"ಕಾಕಾ, ನಿಮ್ಮ ಕುಟುಂಬದಲ್ಲಿ ಯಾರಿಗಾದರೂ ಹೀಗೆ ಆಗಿತ್ತಾ?"

ಅಲಿಯಬ್ಬ ಹೇಳಿದ, "ತಮ್ಮ ಉಮ್ಮರಬ್ಬನಿಗೆ. ಕಾಲು ಬಾತಿತ್ತು, ಮರುದಿನ ಉಸಿರೇ ನಿಂತಿತು. ಮೂವತ್ತೆಂಟು ವರ್ಷ. ಹೆಂಡತಿ ಊಟದಲ್ಲಿ ಏನೋ ಹಾಕಿದಳು ಅಂತ ನಾವೆಲ್ಲ ಹೇಳಿದೆವು, ಸಿಸ್ಟರ್. ಅವಳನ್ನು ಮನೆಯಿಂದ ಕಳಿಸಿದೆವು."

ವೆಲಿಟಾ ಇದನ್ನು ರಕ್ತರೋಗದ ಡಾಕ್ಟರ್ ಜಯಪಾಲರಿಗೆ ಹೇಳಿದಳು. ಅವರು ಇನ್ನೊಂದು ಪರೀಕ್ಷೆ ಬರೆದರು. ರಿಪೋರ್ಟ್ ಬಂದ ಮೇಲೆ ಎಲ್ಲರನ್ನೂ ಹಾಸಿಗೆಯ ಬಳಿ ಕರೆದರು.

"ಹೆಪಾರಿನ್ ಒಂದೇ ಏನೂ ಮಾಡುವುದಿಲ್ಲ. ನಮ್ಮ ರಕ್ತದಲ್ಲಿ ಆಂಟಿಥ್ರಾಂಬಿನ್ ಅಂತ ಪ್ರೋಟೀನ್ ಉಂಟು. ಹೆಪ್ಪುಗಟ್ಟಿಸುವ ಕಿಣ್ವಗಳನ್ನು ಹಿಡಿದು ನಿಲ್ಲಿಸುವುದು ಅದೇ. ಹೆಪಾರಿನ್ ಅದರ ಕೆಲಸವನ್ನು ಚುರುಕು ಮಾಡುತ್ತದೆ, ಅಷ್ಟೆ. ಇವರಲ್ಲಿ ಆ ಪ್ರೋಟೀನೇ ತೀರಾ ಕಡಿಮೆ. ಇದು ವಂಶದಲ್ಲಿ ಬರುತ್ತದೆ. ಸಫ್ವಾನ್, ನಿಮ್ಮ ರಕ್ತವೂ ಬೇಕು."

ಆ ಪ್ರೋಟೀನಿನ ಹಂಗಿಲ್ಲದೆ ಕಿಣ್ವವನ್ನು ನೇರವಾಗಿ ತಡೆಯುವ ಬೇರೆ ಔಷಧ ಕೊಟ್ಟರು. ಸಂಜೆಯ ಹೊತ್ತಿಗೆ ಅರವತ್ತೆಂಟು ಸೆಕೆಂಡ್. ನಾಲ್ಕು ದಿನದಲ್ಲಿ ಕಾಲಿನ ಬಾವು ಇಳಿಯತೊಡಗಿತು. ಸಫ್ವಾನನ ರಕ್ತದಲ್ಲೂ ಆಂಟಿಥ್ರಾಂಬಿನ್ ಇರಬೇಕಾದುದರ ಅರ್ಧ ಮಾತ್ರ ಇತ್ತು. ಅವನು ವೆಲಿಟಾಳ ಎದುರೇ ವಿಡಿಯೋ ಅಳಿಸಿದ. ಅಲಿಯಬ್ಬ ಊರಿಗೆ ಫೋನ್ ಮಾಡಿ ತಮ್ಮನ ಹೆಂಡತಿಯ ನಂಬರ್ ಕೇಳಿದ. ಯಾರ ಹತ್ತಿರವೂ ಇರಲಿಲ್ಲ.

"ಮನಸ್ಸಿಗೆ ಹಚ್ಚಿಕೊಳ್ಳಬೇಡ," ಎಂದಳು ಮೆಲಿಸ್ಸಾ.

"ನಿಮ್ಮ ಸಿರಿಂಜಿನ ರಿಪೋರ್ಟ್ ಯಾಕೆ ಹೇಳಲಿಲ್ಲ ಮ್ಯಾಡಂ?"

"ನನ್ನದೂ ತಪ್ಪಿರಬಹುದು ಅಂತ ಹೆದರಿಕೆ ಆಯಿತು."

ವೆಲಿಟಾ ಸ್ಟೇಸಿಯನ್ನು ಕರೆದು, ಮುಂದಿನ ಹಾಸಿಗೆಯ ಔಷಧದ ಬಾಟಲಿಯನ್ನು ಅವಳ ಕೈಗಿತ್ತು, "ಓದಿ ಹೇಳು, ಆಮೇಲೆ ಸಹಿ ಹಾಕು," ಎಂದಳು.