ಬಸ್ಸಿನ ಹಿಂದೆ ಯಾರಿದ್ದರು

ಡಿಪೋ ಅಂಗಳದಲ್ಲಿ ಸಾಹೇಬ ಮುಂದೆ ನಡೆಯುತ್ತಿದ್ದಾನೆ, ನಾನು ಹಿಂದೆ, ಅವನ ಬೂಟು ಎಣ್ಣೆಯ ಕಲೆಗಳನ್ನು ತುಳಿಯುವುದಿಲ್ಲ, ಸುತ್ತಿಕೊಂಡು ಹೋಗುತ್ತದೆ, ಹುಷಾರು ಮನುಷ್ಯ ಈ ಮ್ಯಾನೇಜರ್ ಶೌಕತ ಅಲಿ, ಎಡಕ್ಕೆ ಆರು ಬಸ್ಸು ನಿಂತಿವೆ, ಕೆಟ್ಟಿಲ್ಲ, ಹೊಡೆಯುವವರಿಲ್ಲ ಅಷ್ಟೇ, ಗಾಜಿನ ಮೇಲೆ ಹಕ್ಕಿಯ ಹಿಕ್ಕೆ — ಮಂದಿ ಎಲ್ಲಿ ಅದಾರ ಅಣವೀರ, ಮ್ಯಾಲಿನವ್ರು ಕೊಟ್ರ ನಾ ಬ್ಯಾಡ ಅಂತೀನೇನು, ಹೀಗೇ ಹೇಳಿ ಮೂರು ತಿಂಗಳ ಹಿಂದೆ ನನ್ನ ಕಂಡಕ್ಟರ್ ಲಕ್ಷ್ಮಿಕಾಂತನನ್ನು ವಾಡಿ ಬಸ್ಸಿಗೆ ಹಾಕಿದ, ಚಿಂಚೋಳಿ ಬಸ್ಸಿಗೆ ನೀ ಒಬ್ಬನೇ ಸಾಕು, ಟಿಕೆಟೂ ನೀನೇ ಹರಿ, ಸ್ಟೇರಿಂಗೂ ನೀನೇ ಹಿಡಿ, ಹಾಗಾದರೆ ಹಿಂದೆ ನೋಡುವ ಕಣ್ಣು ಯಾರದು, ಕೇಳಲಿಲ್ಲ, ಕೇಳಬೇಕಿತ್ತು, ಎಪ್ಪತ್ತು ಮಂದಿಯ ಉಸಿರು ಕುತ್ತಿಗೆಯ ಮೇಲೆ, ಲಗೂ ಹೊಡಿಯಪಾ, ಕೋರ್ಟಿನ ತಾರೀಖ ಅದ ಅನ್ನುವವನೊಬ್ಬ, ಅವನ ಬಾಯಿಗೆ ಮಣ್ಣು ಬೀಳಲಿ — ಲಕ್ಷ್ಮಿಕಾಂತ ಇದ್ದಾಗ ಅವನ ಅಂಗೈ ಬಸ್ಸಿನ ತಗಡಿಗೆ ಒಮ್ಮೆ ಬಡಿದರೆ ನಿಲ್ಲು, ಎರಡು ಬಡಿದರೆ ಬಿಡು, ಹದಿನಾಲ್ಕು ವರ್ಷ ಈ ಕಾಲು ಆ ಬಡಿತಕ್ಕೇ ದುಡಿದಿದೆ, ನನ್ನನ್ನು ಕೇಳುವುದಿಲ್ಲ, ಆ ಸೋಮವಾರ ಚಿಂಚೋಳಿ ಸ್ಟ್ಯಾಂಡಿನಲ್ಲಿ ರಿವರ್ಸ್ ಗೇರು ಹಾಕಿ ಕ್ಲಚ್ ತುಳಿದು ಕುಳಿತಿದ್ದೆ, ಇಳಿದು ನೋಡಬೇಕು ಅಂದುಕೊಂಡೆ, ಅಂದುಕೊಂಡೆ ಅಷ್ಟೇ, ಹಿಂದೆ ಯಾರೋ ಕಿಟಕಿಯಲ್ಲಿ ಕುಳಿತ ಹೆಂಡತಿಯನ್ನು ಕರೆಯಲು ತಗಡಿಗೆ ಎರಡು ಬಡಿದ, ಟಪ್ ಟಪ್, ಕಾಲು ಕ್ಲಚ್ ಬಿಟ್ಟಿತು. ಚಕ್ರದ ಹಿಂದೆ ಶೇಂಗಾ ಮಾರುವ ಮುದುಕಿ ಸುಗರಾಬಿ. ಮೊಣಕಾಲಿನ ಕೆಳಗೆ ಏನೂ ಉಳಿದಿಲ್ಲವಂತೆ, ಕಲಬುರಗಿಯಲ್ಲಿ ಆಸ್ಪತ್ರೆಯಲ್ಲಿದ್ದಾಳೆ, ನೋಡಲು ಹೋಗಿಲ್ಲ ನಾನು, ಹೋಗಿ ಏನೆನ್ನಲಿ, ಟಪ್ ಟಪ್ — ಆಫೀಸಿನ ಖೋಲಿಯಲ್ಲಿ ಫ್ಯಾನು ತಿರುಗುತ್ತಿದೆ, ಕುಂದ್ರು ಎನ್ನುತ್ತಾನೆ ಸಾಹೇಬ, ಎಂದೂ ಅನ್ನದವನು, ಹೇಳಿಕೆ ಟೈಪಾಗಿ ಬಂದಿದೆ, ಕಂಡಕ್ಟರ್ ಲಕ್ಷ್ಮಿಕಾಂತ ಬಸ್ಸಿನ ಹಿಂದೆ ನಿಂತು ಸೀಟಿ ಊದುತ್ತಿದ್ದ, ಮುದುಕಿ ಲೆಕ್ಕಿಸದೆ ಅಡ್ಡ ಬಂದಳು, ಆ ಹೊತ್ತಿಗೆ ಲಕ್ಷ್ಮಿಕಾಂತ ವಾಡಿಯಲ್ಲಿ ಟಿಕೆಟ್ ಹರಿಯುತ್ತಿದ್ದ, ಆದರೂ ಸಹಿ ಹಾಕಿದ್ದಾನೆ, ಹೇಡಿ, ಮಕ್ಕಳಿದ್ದಾರೆ ಅವನಿಗೆ, ನನಗೂ ಇದ್ದಾರೆ, ನಾನೂ ಹಾಕಿದರೆ ನೌಕರಿ ಉಳಿಯುತ್ತದೆ, ಸುಗರಾಬಿಯ ಕಾಲು ಹೋದದ್ದು ಸುಗರಾಬಿಯದೇ ತಪ್ಪಾಗುತ್ತದೆ, ನಾಳೆ ಮತ್ತೊಬ್ಬ ಡ್ರೈವರ್ ಒಬ್ಬನೇ ಹಿಂದಕ್ಕೆ ಬರುತ್ತಾನೆ, ಕಾಗದದಲ್ಲಿ ಅವನ ಹಿಂದೆಯೂ ಒಬ್ಬ ನಿಂತಿರುತ್ತಾನೆ — ನಿನಗ ಹಗುರ ಡ್ಯೂಟಿ ಕೊಡ್ತೀನಿ, ಇಲ್ಲೇ ಆಫೀಸಿನ್ಯಾಗ, ರಸ್ತಾದ ಜಂಜಾಟನೇ ಬ್ಯಾಡ, ಚಾ ತರಸ್ಲೇನು, ಅವನ ದನಿ ಎಷ್ಟು ಮೆತ್ತಗಿದೆ, ಉಗುಳಬೇಕು ಅನಿಸುತ್ತದೆ, ಹಿಂದ ಸೀಟಿ ಊದಾವ್ರು ಯಾರೂ ಇರಲಿಲ್ಲರಿ ಸಾಹೇಬ್ರ, ಅದು ನನಗೂ ಗೊತ್ತದ, ಸಹಿ ಹಾಕು, ನಾ ಹಾಕಂಗಿಲ್ಲ.